ಅಪ್ಪಣೆಯಿಲ್ಲದೆ ನಡೆದವನು

ನಮ್ಮೂರಿಗೆ ಆಪತ್ತು ಬಂದದ್ದು ಒಂದು ಸ್ವಾಗತದ ಬೋರ್ಡಿನ ರೂಪದಲ್ಲಿ.

ಮಾರ್ಚ್ ತಿಂಗಳ ಒಂದು ಸೋಮವಾರ ಹ್ಯಾನಾ ಪೆಗ್ ನನ್ನ ಅಂಚೆ ಕಚೇರಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಹ್ಯಾನಾಗೆ ಎಪ್ಪತ್ತೆಂಟು. ಎರಡು ವರ್ಷದ ಹಿಂದೆ ಗಂಡ ಆಮೋಸ್ ತೀರಿಕೊಂಡ ಮೇಲೆ ಹೊಲ, ಮನೆ, ಕುರಿದೊಡ್ಡಿ ಎಲ್ಲವನ್ನೂ ಮಾರಿ ಚರ್ಚಿನ ಪಕ್ಕದ ಸಣ್ಣ ಮನೆಗೆ ಬಂದವಳು. ಅವಳು ಕೊಡೆ ಮಡಿಸುವುದಕ್ಕೂ ಮೊದಲೇ ಮಾತು ಶುರುಮಾಡಿದಳೆಂದರೆ ವಿಷಯ ಗಂಭೀರವೆಂದೇ ಅರ್ಥ.

"ಲೆನ್, ನಮ್ಮ ಹಳೇ ಹೊಲದ ತಡಮೆ ಹತ್ರ ಆ ಹೊಸಬ ಬೋರ್ಡು ನೆಟ್ಟಿದಾನೆ."

"ದಾರಿ ಬಂದ್ ಅಂತಾನಾ?"

"ಅಷ್ಟೇ ಆಗಿದ್ರೆ ಹೆಂಗೋ ಸಹಿಸ್ಕೋಬಹುದಿತ್ತು. ಸ್ವಾಗತ ಅಂತ ಬರೆಸಿದಾನೆ."

ನಾನು ಕಚೇರಿಗೆ ಬೀಗ ಹಾಕಿ ಹೊರಟೆ. ನಾನು ಅಂಚೆಯವನೂ ಹೌದು, ಕೆಲ್‌ಥ್ವೇಟ್ ಊರ ಕೌನ್ಸಿಲಿನ ಗುಮಾಸ್ತನೂ ಹೌದು. ಇಂಥ ಹೊತ್ತಿನಲ್ಲಿ ಎರಡನೆಯ ಕೆಲಸವೇ ದೊಡ್ಡದಾಗುತ್ತದೆ. ಕಲ್ಲುಗೋಡೆ ಹತ್ತಿ ದಾಟುವ ತಡಮೆಯ ಪಕ್ಕದಲ್ಲಿ ಬೋರ್ಡು ನಿಂತಿತ್ತು. ಹಸಿರು ಬಣ್ಣ, ಮೂಲೆಯಲ್ಲಿ ಒಂದು ಕುರಿಮರಿಯ ಚಿತ್ರ. 'ದಾರಿಹೋಕರಿಗೆ ಹಾರ್ದಿಕ ಸ್ವಾಗತ. ಮಾಲೀಕರ ಅಪ್ಪಣೆಯ ಮೇರೆಗೆ. ಜೂಲಿಯನ್ ಫ್ಯಾನ್‌ಶಾ.' ನನ್ನ ಹಿಂದೆ ಆಗಲೇ ಹದಿನೈದು ಜನ ಸೇರಿದ್ದರು. ಊರಲ್ಲಿ ಯಾರೋ ಸತ್ತಾಗ ನಿಲ್ಲುವ ಹಾಗೆ ನಿಂತಿದ್ದರು.

ಬೇರೆ ಊರಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಬನ್ನಿ ಎಂದು ಕರೆದವನ ಮೇಲೆ ಕೋಪ ಯಾಕೆ? ಯಾಕೆಂದರೆ ಆ ಕಾಲುದಾರಿ ನಮ್ಮದು. ಚರ್ಚಿನ ಹಿಂದಿನಿಂದ ಹೊರಟು, ಆಮೋಸನ ಮೇಲಿನ ಹೊಲ ದಾಟಿ, ಅವನ ಮನೆಯ ಅಂಗಳದಲ್ಲೇ ಹಾದು, ಡಾಂಬರು ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ಡಾಕ್ಟರ ಹತ್ತಿರ ಹೋಗುವ ಮುದುಕರೆಲ್ಲ ಆ ಬಸ್ಸಿಗೇ ಹೋಗಬೇಕು. ಆ ದಾರಿ ಇಲ್ಲವಾದರೆ ಹಾಲಿನ ಲಾರಿಗಳು ನುಗ್ಗುವ ತಿರುವಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ಈಗ ಫ್ಯಾನ್‌ಶಾ ಅಪ್ಪಣೆ ಕೊಟ್ಟ. ಇವತ್ತು ಅಪ್ಪಣೆ ಕೊಟ್ಟವನು ನಾಳೆ ಅದನ್ನು ಕಿತ್ತುಕೊಳ್ಳಬಹುದು. ಅವನು ಬಂದ್ ಎಂದು ಬರೆಸಿದ್ದರೆ ಜಗಳವಾಡಬಹುದಿತ್ತು. ಸ್ವಾಗತ ಎಂದವನ ಜೊತೆ ಜಗಳವಾಡುವುದು ಹೇಗೆ? ಹಲ್ಲಿಲ್ಲದ ಹಾವು ಕಚ್ಚಿದ ಹಾಗೆ ಆಗಿತ್ತು ನಮ್ಮ ಪಾಡು.

ಅಂದು ಸಂಜೆಯೇ ಊರ ಸಭಾಂಗಣದಲ್ಲಿ ಸಭೆ ಸೇರಿತು. ಅಧ್ಯಕ್ಷೆ ಮಿಸೆಸ್ ಮೆಟ್‌ಕಾಫ್. ಮೂವತ್ತು ವರ್ಷ ನಮ್ಮೂರಿನ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಸಭೆಯಲ್ಲಿದ್ದ ಮುಕ್ಕಾಲು ಜನ ಅವರಿಂದ ಕಿವಿ ಹಿಂಡಿಸಿಕೊಂಡವರೇ.

"ಕೇಳಿ," ಎಂದರು ಅವರು. "ಜಿಲ್ಲಾ ಕಚೇರಿಗೆ ಫೋನ್ ಮಾಡಿದ್ದೆ. ಒಂದು ದಾರಿಯಲ್ಲಿ ಜನ ಇಪ್ಪತ್ತು ವರ್ಷ ನಡೆದಿದ್ರೆ ಅದು ಜನರದ್ದೇ ಆಗ್ತದೆ. ಆದ್ರೆ ಮೂರು ಷರತ್ತು. ಜಬರದಸ್ತಿ ಮಾಡಿ ನಡೆದಿರಬಾರದು. ಕದ್ದುಮುಚ್ಚಿ ನಡೆದಿರಬಾರದು. ಮಾಲೀಕನ ಅಪ್ಪಣೆ ಪಡೆದು ನಡೆದಿರಬಾರದು. ಹೀಗೆ ನಡೆದವರು ಕೈ ಎತ್ತಿ."

ನಲವತ್ತಮೂರು ಕೈ ಮೇಲೆದ್ದವು. ನಾನು ಎಣಿಸಿ ಬರೆದುಕೊಂಡೆ.

ಮಿಸೆಸ್ ಮೆಟ್‌ಕಾಫ್ ಒಬ್ಬೊಬ್ಬರನ್ನೇ ವಿಚಾರಿಸಲು ಶುರುಮಾಡಿದರು. ಮಾಂಸದಂಗಡಿಯವನು ಆಮೋಸನ ಅಳಿಯ. ಮನೆಯವನು ಮನೆಗೆ ಹೋದದ್ದು ಲೆಕ್ಕಕ್ಕಿಲ್ಲ. ಕೈ ಇಳಿಯಿತು. ಮೊದಲ ಸಾಲಿನ ನಾಲ್ವರು ಅವನಲ್ಲಿ ಕುರಿ ಉಣ್ಣೆ ಕತ್ತರಿಸಲು ಹೋಗುತ್ತಿದ್ದವರು. ಅವರದ್ದೂ ಇಳಿಯಿತು. ಎರಡನೆಯ ಸಾಲಿನವರೆಲ್ಲ ಮೊಟ್ಟೆ ತರಲು ಹೋಗುತ್ತಿದ್ದರು.

"ಮೊಟ್ಟೆಗೆ ಅಂತ ಹೋದ್ರೆ ಅದು ಕರೆದದ್ದಕ್ಕೆ ಹೋದ ಹಾಗೆ," ಎಂದರು ಮಿಸೆಸ್ ಮೆಟ್‌ಕಾಫ್. "ಕೈ ಇಳಿಸಿ."

ಪಾದ್ರಿಗಳು ಎದ್ದು ನಿಂತು, "ನಂಗೆ ಆಮೋಸ್ ಒಂದು ಸಲ, ಯಾವಾಗ ಬೇಕಾದ್ರೂ ಈ ಕಡೆ ಹಾದು ಹೋಗಿ ಅಂದಿದ್ದ. ಅದು ಅಪ್ಪಣೆ ಆಗ್ತದಾ?" ಎಂದು ಕೇಳಿದರು.

"ಆಗ್ತದೆ. ಅವನು ಅಂದಾಗ ನೀವು ಕಿವಿ ಮುಚ್ಕೋಬೇಕಿತ್ತು."

ಅರ್ಧ ಗಂಟೆಯಲ್ಲಿ ನಲವತ್ತಮೂರು ಕೈಯೂ ಇಳಿದವು. ನನ್ನದೂ ಸೇರಿ. ಆಮೋಸ್ ಅಂಥ ಒಳ್ಳೆಯವನು. ಎದುರು ಬಂದವರಿಗೆಲ್ಲ ಟೋಪಿ ಎತ್ತಿ 'ಹೋಗಿ ಬನ್ನಿ' ಎನ್ನುತ್ತಿದ್ದ. ಒಬ್ಬ ಮನುಷ್ಯನ ಒಳ್ಳೆಯತನ ಊರನ್ನು ಹೀಗೆ ಹಾಳುಮಾಡೀತೆಂದು ನಾವ್ಯಾರೂ ಎಣಿಸಿರಲಿಲ್ಲ.

"ಆಮೋಸನ ಜೊತೆ ಮಾತು ಬಿಟ್ಟವರು ಯಾರಾದ್ರೂ ಇದ್ರಾ ಊರಲ್ಲಿ?" ಎಂದು ಮಿಸೆಸ್ ಮೆಟ್‌ಕಾಫ್ ಕೇಳಿದರು.

ಆಗ ಎಲ್ಲರ ಕತ್ತೂ ಒಟ್ಟಿಗೆ ಹಿಂದಿನ ಸಾಲಿಗೆ ತಿರುಗಿತು. ಅಲ್ಲಿ ಕ್ಲಿಫರ್ಡ್ ಸಗ್‌ಡನ್ ಕೂತಿದ್ದ.

ಕ್ಲಿಫರ್ಡ್ ಮೂವತ್ತೈದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ದುಂಡಗಿನ ಮನುಷ್ಯ, ಯಾರ ತಂಟೆಗೂ ಹೋದವನಲ್ಲ. ಇಪ್ಪತ್ತೈದು ವರ್ಷದ ಕೆಳಗೆ ಊರಿನ ಜಾನುವಾರು ಪ್ರದರ್ಶನದಲ್ಲಿ ತೀರ್ಪುಗಾರ ಬರದೆ ಹೋದಾಗ, ದಾರಿಯಲ್ಲಿ ಹೋಗುತ್ತಿದ್ದ ಇವನನ್ನು ಎಳೆದು ಆ ಕುರ್ಚಿಯಲ್ಲಿ ಕೂರಿಸಿದ್ದರು. ಇವನು ಆಮೋಸನ ಟಗರಿಗೆ ಎರಡನೆಯ ಬಹುಮಾನ ಕೊಟ್ಟ. ಟಗರುಗಳ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಮೊದಲ ಬಹುಮಾನ ಕೊಟ್ಟ ಟಗರು ನೋಡಲು ಸಮಾಧಾನಿಯಾಗಿತ್ತಂತೆ. ಅಂದಿನಿಂದ ಸಾಯುವ ತನಕ ಆಮೋಸ್ ಅವನ ಜೊತೆ ಒಂದು ಮಾತಾಡಲಿಲ್ಲ.

ಕ್ಲಿಫರ್ಡನ ಪಕ್ಕದಲ್ಲಿದ್ದ ಅವನ ಹೆಂಡತಿ ಎನಿಡ್ ಎದ್ದು ನಿಂತಳು. ತೆಳ್ಳಗೆ, ಉದ್ದಕ್ಕೆ, ಗಾಳಿಮಳೆಗೆ ಒಗ್ಗಿದ ಕೆನ್ನೆ. ಕೆಲ್‌ಥ್ವೇಟ್ ನಡಿಗೆ ಸಂಘದ ಕಾರ್ಯದರ್ಶಿ. ಸುತ್ತಲಿನ ಬೆಟ್ಟಗಳಲ್ಲಿ ಅವಳು ಹತ್ತದೆ ಬಿಟ್ಟದ್ದು ಒಂದೂ ಇಲ್ಲ. ಸಂಘದ ಪ್ರತಿ ಸಭೆಯ ಕೊನೆಗೂ ವಂದನಾರ್ಪಣೆ ಅವಳದೇ, ಒಂದೊಂದು ಸಲ ಇಪ್ಪತ್ತು ನಿಮಿಷ.

"ನಮ್ಮ ಕ್ಲಿಫರ್ಡ್ ಇಪ್ಪತ್ತಮೂರು ವರ್ಷದಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಆ ದಾರಿಯಲ್ಲಿ ನಡೀತಾನೆ," ಎಂದಳು. "ಮಳೆ ಇರ್ಲಿ, ಹಿಮ ಇರ್ಲಿ. ಒಂದು ವಾರ ತಪ್ಪಿಸಿಲ್ಲ. ಬಂದು ಹೇಳಿದ್ದನ್ನೆಲ್ಲ ನಾನು ಪುಸ್ತಕದಲ್ಲಿ ಬರೆದಿಟ್ಟಿದೀನಿ. ತರ್ಲಾ?"

ತಂದಳು. ಹದಿನೆಂಟು ಪುಸ್ತಕ. ಮಿಸೆಸ್ ಮೆಟ್‌ಕಾಫ್ ಒಂದನ್ನು ತೆರೆದು ಗಟ್ಟಿಯಾಗಿ ಓದಿದರು. 'ಮೇ ಹನ್ನೆರಡು. ಮೇಲಿನ ಹೊಲದ ದಾರಿ. ಮಂಜು. ಉದ್ದ ಕೊಕ್ಕಿನ ಹಕ್ಕಿ ಮೂರು. ಆಮೋಸ್ ಎದುರಾದ, ಮಾತಾಡಲಿಲ್ಲ.' ಸಭೆಯಲ್ಲಿ ಚಪ್ಪಾಳೆ ಬಿತ್ತು. ನಮ್ಮೂರಿನಲ್ಲಿ ಚಪ್ಪಾಳೆ ಬಿದ್ದದ್ದನ್ನು ನಾನು ಅದಕ್ಕೆ ಮೊದಲು ಒಂದೇ ಸಲ ಕಂಡಿದ್ದೆ, ಯುದ್ಧದಿಂದ ಒಬ್ಬ ಹುಡುಗ ಮರಳಿ ಬಂದಾಗ.

ಎನಿಡ್ ಗಂಡನ ಕಡೆ ನೋಡಿದಳು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಕಂಡೆ. ಕ್ಲಿಫರ್ಡನ ಮುಖ ಮಾತ್ರ ಸೋರೆಕಾಯಿಯ ಹಾಗೆ ಬಿಳಿಚಿತ್ತು. ಸಂಕೋಚ ಸ್ವಭಾವದವನು, ಹೊಗಳಿಕೆ ತಡೆಯಲಾರ ಅಂದುಕೊಂಡೆ.

ಮರುದಿನ ಸಾಕ್ಷಿಯ ಅರ್ಜಿ ತುಂಬಿಸಲು ಅವನು ನನ್ನ ಕಚೇರಿಯ ಹಿಂದಿನ ಕೋಣೆಗೆ ಬಂದ. ಬಾಗಿಲು ಹಾಕು ಎಂದ. ಕಿಟಕಿಯನ್ನೂ ಹಾಕು ಎಂದ.

"ಲೆನ್, ನಾನು ಆ ದಾರಿಗೆ ಕಾಲೇ ಇಟ್ಟಿಲ್ಲ."

"ಯಾವತ್ತಿನಿಂದ?"

"ಯಾವತ್ತೂ. ಆ ಟಗರಿನ ಗಲಾಟೆ ಆದ್ಮೇಲೆ ಆಮೋಸನ ಅಂಗಳ ಹಾದು ಹೋಗೋ ಧೈರ್ಯ ಯಾರಿಗಿತ್ತು?"

"ಮತ್ತೆ ಭಾನುವಾರ ಎಲ್ಲಿಗೆ ಹೋಗ್ತೀಯ?"

ಅವನು ನೆಲ ನೋಡಿದ. "ಸೆತ್ ಹರ್ಡನ ಪಾರಿವಾಳದ ಶೆಡ್ಡಿಗೆ. ಅಲ್ಲೊಂದು ಕುರ್ಚಿ ಇದೆ. ಮಲಗ್ತೀನಿ."

ಸೆತ್ ನಮ್ಮೂರಿನ ಒಂಟಿ ಮುದುಕ. ಬಸ್ ನಿಲ್ದಾಣದ ಪಕ್ಕದ ಶೆಡ್ಡಿನಲ್ಲಿ ಪಂದ್ಯದ ಪಾರಿವಾಳ ಸಾಕುತ್ತಾನೆ. ವರ್ಷಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಗುಟ್ಟು ಇಡಲು ಅವನಿಗಿಂತ ಒಳ್ಳೆಯ ಜಾಗ ಇಲ್ಲ.

"ಬೂಟಿನ ಕೆಸರು?"

"ಸೆತ್ ಒಂದು ಬಕೆಟ್ ಇಟ್ಟಿದಾನೆ. ಬೇಸಿಗೆಯಲ್ಲಿ ನೀರು ಹಾಕಿ ಕಲಸ್ತಾನೆ."

"ಉದ್ದ ಕೊಕ್ಕಿನ ಹಕ್ಕಿ?"

"ಅದು ಅವನ ಗೋಡೆ ಮೇಲಿನ ಕ್ಯಾಲೆಂಡರಲ್ಲಿದೆ."

ನಾನು ಪೆನ್ನು ಕೆಳಗಿಟ್ಟೆ. ಮೂವತ್ತೈದು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಬಸ್ ಓಡಿಸಿದವನಿಗೆ ವಾರಕ್ಕೊಮ್ಮೆ ಎರಡು ಗಂಟೆ ನಿದ್ದೆ ಬೇಕಿತ್ತು, ಅಷ್ಟೇ. ಒಂದು ಭಾನುವಾರ ಮನೆಗೆ ನಾದಿನಿ ಬಂದು ಕೂತಿದ್ದಾಗ, ನಡೆದು ಬರುತ್ತೇನೆ ಎಂದು ಸುಳ್ಳು ಹೇಳಿ ಹೊರಬಿದ್ದಿದ್ದ. ಮನೆಗೆ ಬಂದಾಗ ಎನಿಡ್ ಎಲ್ಲಿಗೆ ಹೋಗಿದ್ದೆ, ಏನು ಕಂಡೆ ಎಂದು ಆಸೆಯಿಂದ ಕೇಳಿದಳಂತೆ. ಇವನು ಹೇಳಿದ. ಅವಳು ಬರೆದುಕೊಂಡಳು. ಅಲ್ಲಿಗೆ ಮುಗಿಯಿತು.

"ಅವಳಿಗೆ ನಿಜ ಹೇಳ್ಬಿಡು."

"ಅವಳು ಸಂಘದವರ ಮುಂದೆಲ್ಲ ಹೇಳ್ತಾಳೆ, ನಮ್ಮ ಕ್ಲಿಫರ್ಡ್ ಒಂದು ವಾರ ತಪ್ಪಿಸಿಲ್ಲ ಅಂತ. ಹೇಳುವಾಗ ಅವಳ ಮುಖ ನೋಡಿದೀಯಾ? ನಮ್ಮ ಮದುವೆ ದಿನ ಸಹ ಅಷ್ಟು ಖುಷಿಯಾಗಿರ್ಲಿಲ್ಲ ಲೆನ್. ಆ ಮುಖ ಹೋದ್ರೆ ನಾನು ಆ ಮನೇಲಿ ಹೆಂಗಿರ್ಲಿ?"

ಹೇಳಿದರೆ ಹೆಂಡತಿ ಹೋದಳು, ಹೇಳದಿದ್ದರೆ ಸುಳ್ಳುಸಾಕ್ಷಿ, ಸಾಕ್ಷಿಯಿಂದ ಹಿಂದೆ ಸರಿದರೆ ಊರಿನ ದಾರಿ ಹೋಯಿತು. ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ನಾನು ಗುಮಾಸ್ತ ಬುದ್ಧಿ ಓಡಿಸಿದೆ. ಆಮೋಸ್ ಇವನಿಗೂ ಎಂದಾದರೂ ಅಪ್ಪಣೆ ಕೊಟ್ಟಿದ್ದನೆಂದು ಹ್ಯಾನಾ ಹೇಳಿಬಿಟ್ಟರೆ ಇವನ ಕೈಯೂ ಮರ್ಯಾದೆಯಿಂದ ಇಳಿಯುತ್ತದೆ. ಎನಿಡ್‌ಗೆ ಏನೂ ತಿಳಿಯುವುದಿಲ್ಲ. ಇಬ್ಬರೂ ಹ್ಯಾನಾಳ ಮನೆಗೆ ಹೋದೆವು.

ಹ್ಯಾನಾ ಚಹಾ ಕೊಟ್ಟು, ಓಟ್ಸಿನ ಕೇಕು ಕೊಟ್ಟು, ನನ್ನ ಪ್ರಶ್ನೆ ಕೇಳಿ ಬಟ್ಟಲು ಕೆಳಗಿಟ್ಟಳು.

"ಇವನಿಗಾ? ಅಪ್ಪಣೆಯಾ? ನಮ್ಮ ಆಮೋಸ್ ಸಾಯೋ ದಿನ ಪಾದ್ರಿಗಳು ಬಂದು, ಎಲ್ಲರನ್ನೂ ಕ್ಷಮಿಸಿದ್ದೀಯಾ ಅಂತ ಕೇಳಿದ್ರು. ಟಗರಿನವನೊಬ್ಬನನ್ನ ಬಿಟ್ಟು ಅಂದ. ಅದೇ ಕೊನೇ ಮಾತು."

ಕ್ಲಿಫರ್ಡ್ ತಲೆ ತಗ್ಗಿಸಿ, "ಒಂದು ಸಲ ಕೈ ಬೀಸಿದ ಹಾಗಿತ್ತು," ಎಂದ.

"ನೊಣ ಓಡಿಸಿರ್ತಾನೆ," ಎಂದಳು ಹ್ಯಾನಾ. ಅಷ್ಟೇ ಅಲ್ಲ, ಇದನ್ನು ಬರೆದು ಸಹಿ ಮಾಡಿ ಕೊಡುತ್ತೇನೆಂದು ಹಠ ಹಿಡಿದು ಕೊಟ್ಟೂ ಬಿಟ್ಟಳು. ನಾವು ಹೋದದ್ದು ಸಾಕ್ಷಿ ಕೆಡಿಸಲು. ಬಂದದ್ದು ಅದನ್ನು ಕಬ್ಬಿಣ ಮಾಡಿಕೊಂಡು.

ಇನ್ನು ಉಳಿದದ್ದು ಒಂದೇ ಉಪಾಯ. ಜಿಲ್ಲಾ ಕಚೇರಿಯ ಅಧಿಕಾರಿ ಬಂದು, ಸಾಕ್ಷಿಯನ್ನೇ ಮುಂದೆ ಬಿಟ್ಟುಕೊಂಡು ದಾರಿ ನಡೆದು ನೋಡುತ್ತಾರೆ. ಅಷ್ಟರೊಳಗೆ ಕ್ಲಿಫರ್ಡ್ ಆ ದಾರಿಯನ್ನು ಕಲಿಯಬೇಕು. ತಾನು ಇಪ್ಪತ್ತಮೂರು ವರ್ಷ ನಡೆದ ದಾರಿಯನ್ನು ಕಲಿಯಲು ಅವನು ಒಂದು ಶನಿವಾರ ಬೆಳಿಗ್ಗೆ ಹೊರಟ.

ಆ ವೇಳೆಗೆ ಊರಲ್ಲಿ ಇನ್ನೊಂದು ಸಂಕಟ ಶುರುವಾಗಿತ್ತು. ಫ್ಯಾನ್‌ಶಾ ಕೆಟ್ಟವನಲ್ಲ. ದಕ್ಷಿಣದ ಪಟ್ಟಣದಿಂದ ಬಂದವನು, ಹಳ್ಳಿಯವರ ಸ್ನೇಹ ಬೇಕೆಂಬ ಆಸೆ. ಬೋರ್ಡು ಹಾಕಿದ ಮೇಲೆ ಜನ ಮುಖ ತಿರುಗಿಸಿದ್ದನ್ನು ಕಂಡು, ಬೋರ್ಡು ಸಾಲದೆಂದು ತಿಳಿದು, ಕಂಡವರಿಗೆಲ್ಲ ಬಾಯಲ್ಲೇ ಅಪ್ಪಣೆ ಕೊಡಲು ಹೊರಟಿದ್ದ. ಮಿಸೆಸ್ ಮೆಟ್‌ಕಾಫ್ ಊರಿಗೆಲ್ಲ ಎಚ್ಚರಿಕೆ ಕಳಿಸಿದ್ದರು: ಅವನು ಹತ್ತಿರ ಬಂದರೆ ಓಡಿ, ಓಡಲಾಗದವರು ಕಿವಿ ಮುಚ್ಚಿಕೊಳ್ಳಿ.

ಹತ್ತೂವರೆಗೆ ಫ್ಯಾನ್‌ಶಾ ನನ್ನ ಕಚೇರಿಗೆ ಬಂದ. ಕೂದಲಲ್ಲಿ ಒಣಹುಲ್ಲು ಸಿಕ್ಕಿಕೊಂಡಿತ್ತು.

"ಮಿಸ್ಟರ್ ಆಲ್ಡರ್ಸನ್, ನಿಮ್ಮೂರಿನ ಜನರಿಗೆ ಏನಾಗಿದೆ? ಒಬ್ಬರು ವಯಸ್ಸಾದವರು, ಕೈಯಲ್ಲಿ ನಕ್ಷೆ ಹಿಡ್ಕೊಂಡು ನನ್ನ ಹೊಲದಲ್ಲಿ ಸುತ್ತುತಾ ಇದ್ರು. ದಾರಿ ತಪ್ಪಿದ್ದೀರಾ ಅಂತ ಕೇಳಿದೆ. ಇಲ್ಲ, ಇಪ್ಪತ್ತಮೂರು ವರ್ಷದಿಂದ ನಡೀತಿದೀನಿ ಅಂದ್ರು. ಸರಿ, ಆರಾಮವಾಗಿ ನಡೀರಿ, ನನ್ನ—ಅಂದೆ, ಅಷ್ಟೇ. ಕಿವಿ ಮುಚ್ಕೊಂಡು ಓಡಿದ್ರು. ನಾನು ಹಿಂದೆ ಓಡಿದೆ, ಬೀಳ್ತಾರೆ ಅಂತ. ಗೋಡೆ ಹಾರಿ ತುರಿಕೆಗಿಡದ ಮೇಲೆ ಬಿದ್ರು. ಕೈ ಕೊಟ್ಟೆ. ಮುಟ್ಟಬೇಡಿ, ಅಪ್ಪಣೆ ಕೊಡಬೇಡಿ ಅಂತ ಕೈಮುಗಿದ್ರು. ನಾನು ಮಾಡಿದ ತಪ್ಪಾದ್ರೂ ಏನು?"

ನಾನು ಅವನಿಗೆ ಒಂದು ಅಂಚೆಚೀಟಿ ಮಾರಿ ಕಳಿಸಿದೆ. ಗುಮಾಸ್ತನಾದವನು ಎದುರು ಪಕ್ಷದವರ ಜೊತೆ ಹೆಚ್ಚು ಮಾತಾಡಬಾರದು.

ಹೀಗೆ ಕ್ಲಿಫರ್ಡನ ಕಲಿಕೆ ಮೊದಲ ಹೊಲದಲ್ಲೇ ನಿಂತಿತು. ಎನಿಡ್ ಅವನ ತೋಳಿಗೆಲ್ಲ ಮುಲಾಮು ಹಚ್ಚಿ, ಸಂಘದಲ್ಲಿ, "ನೋಡಿ, ಆ ದಾರಿ ಮೇಲೆ ಅವನಿಗೆ ಅಷ್ಟು ಪ್ರೀತಿ. ಶನಿವಾರಾನೂ ಹೋಗ್ತಾನೆ ಈಗ," ಎಂದು ಹೇಳಿಕೊಂಡಳಂತೆ.

ಏಪ್ರಿಲ್ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಥಳ ಪರಿಶೀಲನೆ. ಅಧಿಕಾರಿ ಮಿಸ್ ಗಾರ್ಸೈಡ್ ಎಂಬಾಕೆ, ಮೂವತ್ತರ ಹೆಂಗಸು, ಕೆಂಪು ಮಳೆಕೋಟು, ಕೈಯಲ್ಲಿ ದೂರ ಅಳೆಯುವ ಒಂದು ಚಕ್ರ. ಅದು ಗಜಕ್ಕೊಮ್ಮೆ ಟಿಕ್ ಎನ್ನುತ್ತಿತ್ತು. ತುಂತುರು ಮಳೆ. ಚರ್ಚಿನ ಹಿಂದೆ ಊರೆಲ್ಲ ಸೇರಿತ್ತು: ಮಿಸೆಸ್ ಮೆಟ್‌ಕಾಫ್, ಪಾದ್ರಿಗಳು, ಹ್ಯಾನಾ, ನಡಿಗೆ ಸಂಘದ ಹನ್ನೊಂದು ಜನ ಬೆನ್ನಿಗೆ ಚೀಲ ಕಟ್ಟಿಕೊಂಡು, ದೂರದಲ್ಲಿ ಫ್ಯಾನ್‌ಶಾ. ಎನಿಡ್ ಹದಿನೆಂಟು ಪುಸ್ತಕಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು.

"ಮಿಸ್ಟರ್ ಸಗ್‌ಡನ್," ಎಂದಳು ಮಿಸ್ ಗಾರ್ಸೈಡ್, "ನೀವು ಯಾವತ್ತಿನ ಹಾಗೆ ನಡೀರಿ. ನಮ್ಮನ್ನ ಮರೆತುಬಿಡಿ. ನಾವು ಹಿಂದೆ ಬರ್ತೀವಿ."

ಕ್ಲಿಫರ್ಡ್ ನನ್ನ ಕಡೆ ಒಮ್ಮೆ ನೋಡಿದ. ಕಟುಕನ ಅಂಗಡಿ ಮುಂದೆ ನಿಂತ ಕುರಿಯ ನೋಟ. ಆಮೇಲೆ ತಲೆ ತಗ್ಗಿಸಿ ನಡೆಯತೊಡಗಿದ.

ಚರ್ಚಿನಿಂದ ಐವತ್ತು ಗಜದಲ್ಲಿ ಒಂದು ಮುಳ್ಳಿನ ಮರ. ಅಲ್ಲಿ ಬಲಕ್ಕೆ ತಿರುಗಿ ಏರು ಹತ್ತಿದರೆ ತಡಮೆ, ಬೋರ್ಡು, ಮೇಲಿನ ಹೊಲ. ನಾನು ಅವನಿಗೆ ಇದನ್ನು ಇಪ್ಪತ್ತು ಸಲ ಹೇಳಿಕೊಟ್ಟಿದ್ದೆ. ಮರ ಬಂತು. ಕ್ಲಿಫರ್ಡ್ ಎಡಕ್ಕೆ ಇಳಿದ.

ನಾನು ಕೆಮ್ಮಿದೆ. ಅವನಿಗೆ ಕೇಳಲಿಲ್ಲ. ಹೆದರಿಕೆಯಲ್ಲಿ ಅವನ ಮಿದುಳು ಕೆಲಸ ನಿಲ್ಲಿಸಿತ್ತು. ನಡೆಯುತ್ತಿದ್ದದ್ದು ಬರೀ ಕಾಲು. ಭಾನುವಾರ ಹತ್ತು ಗಂಟೆಗೆ ಆ ಕಾಲುಗಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಹಳ್ಳದ ದಡಕ್ಕೆ ಇಳಿದ, ನೋಡದೆ ಮೂರು ಕಲ್ಲು ದಾಟಿದ, ಕತ್ತಲಲ್ಲೂ ತಪ್ಪದವನ ಹಾಗೆ ಕೈ ಚಾಚಿ ಒಂದು ಕೊಂಬೆ ಸರಿಸಿದ. ಆಮೋಸನ ಕೆಳಗಿನ ಹೊಲದ ಗೋಡೆ ಬಂದೊಡನೆ ಬೆನ್ನು ಬಗ್ಗಿಸಿ, ಗೋಡೆಗಿಂತ ತಲೆ ಮೇಲೆ ಕಾಣದ ಹಾಗೆ, ಬಾತುಕೋಳಿ ನಡಿಗೆಯಲ್ಲಿ ಮುಂದೆ ಸಾಗಿದ. ಮಿಸ್ ಗಾರ್ಸೈಡ್ ಅವನನ್ನು ನೋಡಿ, ಇದೂ ಪದ್ಧತಿಯಿರಬೇಕೆಂದು ತಾನೂ ಬೆನ್ನು ಬಗ್ಗಿಸಿದಳು. ಅವಳ ಹಿಂದೆ ಊರಿಗೆ ಊರೇ ಬಗ್ಗಿತು. ನಲವತ್ತು ಜನ, ಪಾದ್ರಿಗಳ ಸಮೇತ, ಗೋಡೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಹೋಗುತ್ತಿದ್ದೆವು. ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು.

ಕ್ಲಿಫರ್ಡ್ ಸೆತ್‌ನ ಶೆಡ್ಡಿನ ಬಾಗಿಲು ತಳ್ಳಿ ಒಳಗೆ ಹೋಗಿ, ಕೋಟು ಕಳಚಿ ಮೊಳೆಗೆ ತಗುಲಿಸಿ, ಕುರ್ಚಿಯಲ್ಲಿ ಕೂತ. ಸೆತ್ ಚಹಾದ ಬಟ್ಟಲು ಕೈಗೆ ಕೊಟ್ಟ. ಕ್ಲಿಫರ್ಡ್ ಒಂದು ಗುಟುಕು ಕುಡಿದು ತಲೆಯೆತ್ತಿದಾಗ ಬಾಗಿಲಲ್ಲಿ ಊರು ನಿಂತಿತ್ತು. ಮುಂದೆ ಎನಿಡ್.

ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಒಂದು ಸುಳ್ಳು ಹೇಳಿದ್ದರೆ ಅವನು ಆಗಲೂ ಪಾರಾಗುತ್ತಿದ್ದ. ಗಾಬರಿಯಲ್ಲಿ ದಾರಿ ತಪ್ಪಿತು ಎಂದಿದ್ದರೆ ಸಾಕಿತ್ತು. ಅವನು ಬಾಯಿ ತೆರೆದ, ಎನಿಡ್‌ಳನ್ನು ನೋಡಿದ, ಮುಚ್ಚಿದ. ಮತ್ತೆ ತೆರೆದು ಹೇಳಿದ:

"ನಾನು ಬರ್ತಿದ್ದದ್ದು ಇಲ್ಲಿಗೆ. ಪ್ರತಿ ಭಾನುವಾರ. ಇಲ್ಲಿ ಮಲಗ್ತಿದ್ದೆ. ಆ ಮೇಲಿನ ದಾರಿ ನಂಗೆ ಗೊತ್ತೇ ಇಲ್ಲ. ಪುಸ್ತಕದಲ್ಲಿರೋದೆಲ್ಲ ಸುಳ್ಳು. ಎನಿಡ್‌ದಲ್ಲ ತಪ್ಪು, ನಂದು."

ಮಿಸೆಸ್ ಮೆಟ್‌ಕಾಫ್ ಕಣ್ಣು ಮುಚ್ಚಿಕೊಂಡರು. ನಮ್ಮ ದಾರಿ ಹೋಯಿತು.

ಮಿಸ್ ಗಾರ್ಸೈಡ್ ಮಾತ್ರ ಕಾಗದದ ಹಾಳೆ ಮಗುಚಿದಳು. "ಇಲ್ಲಿಗೆ ಬರ್ತಿದ್ದದ್ದು ಈಗ ಬಂದ ದಾರಿಯಲ್ಲೇನಾ?"

"ಹೂಂ."

"ಮಾಲೀಕರು ಅಪ್ಪಣೆ ಕೊಟ್ಟಿದ್ರಾ?"

"ಆಮೋಸಾ? ನಂಗಾ?"

"ಹಾಗಾದ್ರೆ ಗೋಡೆ ಹಿಂದೆ ಬಗ್ಗಿ ಬರ್ತಿದ್ದದ್ದು ಯಾಕೆ? ಮಾಲೀಕರ ಕಣ್ಣು ತಪ್ಪಿಸಿ ನಡೆದಿದ್ರೆ ಅದು ಕದ್ದು ನಡೆದ ಹಾಗೆ. ಲೆಕ್ಕಕ್ಕೆ ಬರಲ್ಲ."

ಹ್ಯಾನಾ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. "ಕಣ್ಣು ತಪ್ಪಿಸೋದಾ? ಆ ಗೋಡೆ ನಮ್ಮ ಅಡುಗೆಮನೆ ಕಿಟಕಿಗೆ ಎದುರಿಗೇ ಇತ್ತು ಕಣಮ್ಮಾ. ಆ ಎತ್ತರದಿಂದ ಇವನ ಬೆನ್ನು ಪೂರಾ ಕಾಣ್ತಿತ್ತು. ಟಗರಿನವನು ಹೋದ, ಹತ್ತು ಗಂಟೆ ಆಯ್ತು ಅಂತ ಆಮೋಸ್ ಗಡಿಯಾರ ಸರಿಮಾಡ್ಕೋತಿದ್ದ."

"ಮತ್ತೆ ತಡೀಲಿಲ್ವಾ?"

"ತಡೀಬೇಕಂದ್ರೆ ಮಾತಾಡ್ಬೇಕಲ್ಲ. ಇವನ ಜೊತೆ ಮಾತಾಡೋದಕ್ಕಿಂತ ಹೊಲಾನೇ ಹೋಗ್ಲಿ ಅಂದ."

ಮಿಸ್ ಗಾರ್ಸೈಡ್ ಬರೆದುಕೊಂಡಳು. "ಮಾಲೀಕರಿಗೆ ಕಂಡಿತ್ತು. ಅಪ್ಪಣೆ ಇಲ್ಲ, ತಕರಾರೂ ಇಲ್ಲ. ಹೆಂಡತಿಯ ಕಣ್ಣು ತಪ್ಪಿಸಿದ್ದು ಕಾನೂನಿಗೆ ಸಂಬಂಧವಿಲ್ಲ." ಪೆನ್ನು ನಿಲ್ಲಿಸಿ ತಲೆಯೆತ್ತಿದಳು. "ಆದ್ರೆ ಒಬ್ಬರು ನಡೆದ್ರೆ ಅದು ಸಾರ್ವಜನಿಕ ದಾರಿ ಆಗಲ್ಲ. ಬೇರೆ ಯಾರಾದ್ರೂ ನಡೆದಿದ್ರಾ?"

ಹ್ಯಾನಾ ಸುತ್ತ ಒಮ್ಮೆ ನೋಡಿ, "ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು.

ಮೊದಲು ಕೈ ಎ‍ತ್ತಿದವರು ಪಾದ್ರಿಗಳು. ಭಾನುವಾರ ಸಂಜೆ ಪಕ್ಕದೂರಿನ ಬಿಯರ್ ಅಂಗಡಿಗೆ ಹೋಗಲು ಅವರಿಗೆ ಅದೇ ಅನುಕೂಲವಂತೆ. ಮಾಂಸದಂಗಡಿಯವನು ಮಾವನ ಕಣ್ಣಿಗೆ ಬೀಳದೆ ಬಸ್ ಹಿಡಿಯಲು ಹೋಗುತ್ತಿದ್ದ. ಬೀಳುತ್ತಲೇ ಇದ್ದ ಎಂದು ಈಗ ತಿಳಿಯಿತು. ನಾನೂ ಕೈ ಎತ್ತಿದೆ. ನಡಾವಳಿ ಬರೆದು ಮುಗಿಯದ ದಿನ ಮಿಸೆಸ್ ಮೆಟ್‌ಕಾಫ್ ಅವರ ಮನೆ ಮುಂದೆ ಹಾದು ಹೋಗುವುದು ನನ್ನಿಂದ ಆಗುವ ಮಾತಲ್ಲ. ಅವರು ನನ್ನನ್ನು ಕೆಂಗಣ್ಣಿನಿಂದ ನೋಡಿ, ಆಮೇಲೆ ತಾವೇ ಮೆಲ್ಲಗೆ ಕೈ ಎತ್ತಿದರು.

"ಸಿಗರೇಟು," ಎಂದರು. "ದಿನಕ್ಕೊಂದು. ಹೆಡ್‌ಮಿಸ್ಟ್ರೆಸ್ ಬೀದೀಲಿ ಸೇದೋಕಾಗಲ್ಲ."

ಒಟ್ಟು ಇಪ್ಪತ್ತಾರು ಕೈ. ಅರ್ಧ ಊರು ಇನ್ನರ್ಧ ಊರಿನ ಕಣ್ಣು ತಪ್ಪಿಸಲು ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಓಡಾಡುತ್ತಿತ್ತು. ಎದುರುಬದುರಾದಾಗ ಕಂಡರೂ ಕಾಣದ ಹಾಗೆ ಹೋಗುವುದು ನಮ್ಮ ಸಂಸ್ಕಾರ. ಆಮೋಸ್ ಅಂಗಳದಲ್ಲಿ ಸಿಕ್ಕವರಿಗೆಲ್ಲ ಅಪ್ಪಣೆ ಕೊಟ್ಟಿದ್ದ. ಗೋಡೆಯ ಹಿಂದಿನವರ ಮರ್ಯಾದೆ ಕಾಯಲು ಮಾತ್ರ ಒಂದೂ ಮಾತಾಡದೆ ಕಿಟಕಿಯಲ್ಲಿ ನಿಂತು ನೋಡಿದ್ದ.

ಫ್ಯಾನ್‌ಶಾ ಖುಷಿಯಾಗಿ ಮುಂದೆ ಬಂದ. "ಇದು ನನ್ನ ಅಂಗಳದಿಂದ ದೂರಾನೇ ಇದೆ. ಎಲ್ಲರೂ ಧಾರಾಳವಾಗಿ ನಡೀರಿ, ನಾನು ಸಂತೋಷದಿಂದ ಅಪ್—"

ನಲವತ್ತು ಜನ ಕಿವಿ ಮುಚ್ಚಿಕೊಂಡರು. "ನೀವು ಸ್ವಲ್ಪ ಬಾಯಿ ಮುಚ್ಚಿ ಮಿಸ್ಟರ್ ಫ್ಯಾನ್‌ಶಾ," ಎಂದರು ಮಿಸೆಸ್ ಮೆಟ್‌ಕಾಫ್, ಅವರಿಗೆ ಸಾಧ್ಯವಾದಷ್ಟು ಮೃದುವಾಗಿ. ಆದೇಶ ಕೈಗೆ ಬರಲು ಹತ್ತು ತಿಂಗಳು ಹಿಡಿಯಿತು. ಆದರೆ ಚರ್ಚಿನಿಂದ ಬಸ್ ನಿಲ್ದಾಣದವರೆಗೆ ಒಂದು ದಾರಿ, ಯಾರ ಅಪ್ಪಣೆಯೂ ಬೇಡದ್ದು, ಕೆಲ್‌ಥ್ವೇಟಿನದಾದದ್ದು ಆ ಶೆಡ್ಡಿನಲ್ಲಿ ಆ ಗಳಿಗೆಯಲ್ಲೇ.

ಎನಿಡ್ ಬಾಗಿಲಿನಿಂದ ಒಳಗೆ ಬಂದಳು. ಕ್ಲಿಫರ್ಡ್ ಕುರ್ಚಿಯಿಂದ ಎದ್ದು ಬಟ್ಟಲು ಹಿಡಿದುಕೊಂಡೇ ನಿಂತಿದ್ದ.

"ಮಲಗ್ತಿದ್ದೆ," ಎಂದಳು ಅವಳು.

"ಹೂಂ."

"ಇಪ್ಪತ್ತಮೂರು ವರ್ಷ."

"ಮೊದಲನೇ ವಾರ ಬರೀ ಚಹಾ ಕುಡಿದೆ. ಎರಡನೇ ವಾರದಿಂದ."

"ನಾನು ನಡಿಗೆ ಸಂಘ ಯಾಕೆ ಸೇರಿದೆ ಗೊತ್ತಾ ನಿಂಗೆ?"

"ನಿಂಗೆ ಇಷ್ಟ ಅಂತ."

"ಗಂಡ ಆ ಮಳೇಲಿ ಮೈಲಿಗಟ್ಟಲೆ ನಡೆದು ಬರ್ತಾನೆ, ನಾನು ಒಲೆ ಮುಂದೆ ಕೂತಿರ್ತೀನಿ, ನಾಚಿಕೆ ಆಗ್ತಿತ್ತು. ಅವನಿಗೆ ಸರಿಸಮ ಆಗ್ಬೇಕು ಅಂತ ಸೇರಿದೆ." ಅವಳು ಪುಸ್ತಕಗಳ ಮೇಲಿನ ಪ್ಲಾಸ್ಟಿಕ್ಕು ಸರಿಮಾಡಿಕೊಂಡಳು. "ನಂಗೆ ಬೆಟ್ಟ ಕಂಡ್ರೆ ಆಗಲ್ಲ ಕ್ಲಿಫರ್ಡ್. ಯಾವತ್ತೂ ಆಗ್ತಿರ್ಲಿಲ್ಲ. ಎರಡು ಸಲ ಕಾಲು ಮುರ್ಕೊಂಡೆ. ಪ್ರತಿ ಭಾನುವಾರ ಮೇಲೆ ಹತ್ತಿ ನಿಂತಾಗೆಲ್ಲ ಅನ್ಕೋತಿದ್ದೆ, ಅವನೂ ಈಗ ಎಲ್ಲೋ ಮಳೇಲಿ ನೆನೀತಿರ್ತಾನೆ ಪಾಪ ಅಂತ."

ನಡಿಗೆ ಸಂಘದ ಹನ್ನೊಂದು ಜನರೂ ಬೇರೆ ಬೇರೆ ಪಾರಿವಾಳಗಳನ್ನು ನೋಡತೊಡಗಿದರು.

ಕ್ಲಿಫರ್ಡನ ಕಣ್ಣಲ್ಲಿ ನೀರು ಬಂದಿತ್ತು. ಎನಿಡ್ ಹದಿನೆಂಟು ಪುಸ್ತಕಗಳನ್ನು ಸೆತ್‌ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಎರಡೂ ಕಾಲು ಮುಂದೆ ಚಾಚಿದಳು. ಕ್ಲಿಫರ್ಡ್ ಬಟ್ಟಲು ಕೆಳಗಿಟ್ಟು, ಮಂಡಿಯೂರಿ, ಅವಳ ಬೂಟಿನ ದಾರ ಬಿಚ್ಚಿದ. ಒಂದು ಬೂಟು ತೆಗೆದ. ಎರಡನೆಯದನ್ನು ತೆಗೆಯುವ ಹೊತ್ತಿಗೆ ಅವಳ ತಲೆ ಕುರ್ಚಿಯ ಬೆನ್ನಿಗೆ ಒರಗಿತ್ತು. ಕ್ಲಿಫರ್ಡ್ ತನ್ನ ಕೋಟು ತಂದು ಅವಳಿಗೆ ಹೊದಿಸಿ, ತಾನು ಪಕ್ಕದ ಕಾಳಿನ ಮೂಟೆಯ ಮೇಲೆ ಕೂತ.

ಮಿಸ್ ಗಾರ್ಸೈಡ್ ಟಿಕ್ ಎನ್ನದ ಹಾಗೆ ಚಕ್ರವನ್ನು ಎತ್ತಿ ಹಿಡಿದುಕೊಂಡು ಹೊರಗೆ ನಡೆದಳು. ನಾವೂ ಒಬ್ಬೊಬ್ಬರಾಗಿ ಹೊರಬಂದೆವು. ನಾನು ಮಳೆಯಲ್ಲೇ ನಿಂತು ನಡಾವಳಿ ಬರೆದು ಮುಗಿಸಿದೆ. 'ಸ್ಥಳ ಪರಿಶೀಲನೆ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಮುಕ್ತಾಯವಾಯಿತು. ಶ್ರೀಮತಿ ಸಗ್‌ಡನ್ ಅವರು ನಿದ್ರಿಸುತ್ತಿದ್ದುದರಿಂದ ವಂದನಾರ್ಪಣೆ ಇರಲಿಲ್ಲ.'